ಗುಜರಿಯಿಂದ ಗಗನಕ್ಕೆ

ಕುಮಟಾ ತಾಲ್ಲೂಕಿನ ಕಾಗಾಲದಂಥ ಕಡಲಂಚಿನ ಊರುಗಳಲ್ಲಿ ಹಳೆಯ ದೋಣಿಯನ್ನು ಯಾರೂ ಸುಲಭವಾಗಿ ಒಲೆಗೆ ಹಾಕುವುದಿಲ್ಲ. ಒಂದರ ಹಲಗೆ ಇನ್ನೊಂದಕ್ಕೆ, ಇನ್ನೊಂದರ ಚುಕ್ಕಾಣಿ ಮತ್ತೊಂದಕ್ಕೆ. ಹೀಗೆ ಎರಡು ಮುರುಕು ದೋಣಿ ಸೇರಿ ಒಂದು ಗಟ್ಟಿ ದೋಣಿಯಾಗುತ್ತದೆ. ಇದೇ ಜಾಣ್ಮೆಯನ್ನು ಬೆಂಗಳೂರಿನ ಕೆಲಸಗಾರರು 1948ರಲ್ಲಿ ನಾಲ್ಕು ಎಂಜಿನ್‌ಗಳ ಭಾರಿ ಬಾಂಬರ್ ವಿಮಾನಗಳ ಮೇಲೆ ಪ್ರಯೋಗಿಸಿ ಗೆದ್ದರು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಟರ್ಲಿಂಗ್, ಹ್ಯಾಲಿಫ್ಯಾಕ್ಸ್, ಲ್ಯಾಂಕಾಸ್ಟರ್ ಬಾಂಬರ್‌ಗಳು ಜರ್ಮನಿಯ ಮೇಲೆ ಹಾರುತ್ತಿದ್ದವು. ಭಾರತದಿಂದ ಬರ್ಮಾದತ್ತ ಹೋಗುವ ದಾರಿ ಬಲು ದೂರದ್ದು. ಅದಕ್ಕಾಗಿ ಬ್ರಿಟಿಷ್ ವಾಯುಪಡೆ ಅಮೆರಿಕದ ‘ಲಿಬರೇಟರ್’ ವಿಮಾನವನ್ನು ಆರಿಸಿಕೊಂಡಿತು. ಬಂಗಾಳದ ವಿಮಾನ ನೆಲೆಗಳಿಂದ 159, 355, 356ನೇ ಸ್ಕ್ವಾಡ್ರನ್‌ಗಳು ಇದನ್ನು ಹಾರಿಸಿದವು. ನಮ್ಮ ಕೋಲಾರದಲ್ಲೂ ಇದರ ತರಬೇತಿ ಘಟಕವಿತ್ತು. ಅದರಿಂದಲೇ 1944ರ ನವೆಂಬರ್‌ನಲ್ಲಿ 358ನೇ ಸ್ಕ್ವಾಡ್ರನ್ ಹುಟ್ಟಿಕೊಂಡಿತು.

ಲಿಬರೇಟರ್‌ನ ರೆಕ್ಕೆಯ ಹರವು 110 ಅಡಿ, ಅಂದರೆ ಸುಮಾರು 33 ಮೀಟರ್. ಅದು ಉದ್ದ ಹೆಚ್ಚು, ಅಗಲ ಕಡಿಮೆ ಇರುವ ರೆಕ್ಕೆ. ಹದ್ದು, ಕಡಲಹಕ್ಕಿಗಳನ್ನು ಗಮನಿಸಿದವರಿಗೆ ಒಂದು ವ್ಯತ್ಯಾಸ ಗೊತ್ತಿರುತ್ತದೆ. ಕಡಲ ಮೇಲೆ ದೂರ ದೂರ ತೇಲುವ ಹಕ್ಕಿಗಳ ರೆಕ್ಕೆ ನೀಳವಾಗಿರುತ್ತದೆ. ಇಂಥ ರೆಕ್ಕೆಯ ತುದಿಯಲ್ಲಿ ಗಾಳಿಯ ಸುಳಿಯಿಂದಾಗುವ ನಷ್ಟ ಕಡಿಮೆ. ಆದ್ದರಿಂದ ಅದೇ ಇಂಧನದಲ್ಲಿ ಹೆಚ್ಚು ದೂರ ಸಾಗಬಹುದು.

ನಾಲ್ಕು ಎಂಜಿನ್ ಏಕೆ? ಒಂದೊಂದಕ್ಕೂ 14 ಸಿಲಿಂಡರ್, ಸುಮಾರು 1200 ಅಶ್ವಶಕ್ತಿ. ಒಂದು ಕೆಟ್ಟರೂ ಮುಕ್ಕಾಲು ಪಾಲು ಶಕ್ತಿ ಉಳಿಯುತ್ತದೆ. ಆದರೆ ಇನ್ನೊಂದು ತೊಡಕಿದೆ. ದೋಣಿಯಲ್ಲಿ ಒಂದೇ ಬದಿಯ ಹುಟ್ಟು ಹಾಕಿದರೆ ದೋಣಿ ತಿರುಗುತ್ತದಲ್ಲವೇ? ರೆಕ್ಕೆಯ ತುದಿಯ ಕಡೆಗಿರುವ ಎಂಜಿನ್ ನಿಂತರೂ ಹಾಗೆಯೇ. ಸನ್ನೆಕೋಲಿನ ನಿಯಮದಂತೆ ಎಂಜಿನ್ ಮಧ್ಯದಿಂದ ದೂರವಿದ್ದಷ್ಟೂ ವಿಮಾನವನ್ನು ತಿರುಗಿಸುವ ಬಲ ಹೆಚ್ಚು. ಅದನ್ನು ಬಾಲದ ಚುಕ್ಕಾಣಿಯಿಂದ ಚಾಲಕ ಸರಿದೂಗಿಸಬೇಕು.

ಯುದ್ಧ ಮುಗಿಯಿತು. ಅಮೆರಿಕದಿಂದ ಕರಾರಿನ ಮೇಲೆ ಬಂದ ವಿಮಾನಗಳನ್ನು ಒಂದೋ ಹಿಂತಿರುಗಿಸಬೇಕು, ಇಲ್ಲವೇ ಬೆಲೆ ತೆರಬೇಕು, ಇಲ್ಲವೇ ನಾಶಮಾಡಬೇಕಿತ್ತು. ಬ್ರಿಟಿಷರು ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಗುಡ್ಡೆಹಾಕಿ, ಮತ್ತೆ ಹಾರದಂತೆ ಕೆಡಿಸಿ ಹೋದರು. ಸ್ವತಂತ್ರ ಭಾರತದ ಬಳಿಯಾದರೋ ಒಂದೇ ಒಂದು ಭಾರಿ ಬಾಂಬರ್ ಇರಲಿಲ್ಲ. ಹೊಸದನ್ನು ಕೊಳ್ಳಲು ಹಣದ ಮುಗ್ಗಟ್ಟು.

ಆಗ ಕರೆ ಬಂದದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಸ್ಥಾಪಿಸಿದ ಈ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡಿತ್ತು. ಆ ಅನುಭವ ಈಗ ಫಲ ಕೊಟ್ಟಿತು. ಬೆಂಗಳೂರಿನ ತಂತ್ರಜ್ಞರು ಕಾನ್ಪುರಕ್ಕೆ ಹೋಗಿ ರಾಶಿಯನ್ನು ಜಾಲಾಡಿದರು. ಒಂದರ ಭಾಗ ಕಿತ್ತು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರು ತಲುಪುವಷ್ಟರ ಮಟ್ಟಿಗೆ ಸಜ್ಜುಗೊಳಿಸಿದರು. ಹಾಗೆ ತೇಪೆ ಹಾಕಿದ ವಿಮಾನಗಳನ್ನು ಜೀವದ ಹಂಗು ತೊರೆದು ಹಾರಿಸಿ ತಂದವರು ಕಾರ್ಖಾನೆಯ ಪರೀಕ್ಷಾ ಚಾಲಕ ಜಮ್‌ಶೆಡ್ ಮುನ್ಷಿ. ಹೀಗೆ ಬಂದ ಲಿಬರೇಟರ್‌ಗಳು ನಲವತ್ತಕ್ಕೂ ಹೆಚ್ಚು. ಬೆಂಗಳೂರಿನಲ್ಲಿ ಅವುಗಳಿಗೆ ಪೂರ್ಣ ಮರುಜನ್ಮ ದೊರೆಯಿತು.

1948ರ ನವೆಂಬರ್‌ನಲ್ಲಿ ಈ ವಿಮಾನಗಳೊಂದಿಗೆ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಆರಂಭವಾಯಿತು. ಮುಂದೆ 6ನೇ ಸ್ಕ್ವಾಡ್ರನ್ ಇವುಗಳಿಂದಲೇ ದೇಶದ ಕಡಲ ಕಾವಲು ಮಾಡಿತು. ಬಾಂಬು ಹಾಕಲು ಹುಟ್ಟಿದ ಯಂತ್ರಕ್ಕೆ ಸಮುದ್ರದ ಮೇಲೆ ಕಣ್ಣಿಡುವ ಕೆಲಸ! ಆ ನೀಳ ರೆಕ್ಕೆ ಇದಕ್ಕೂ ಹೇಳಿ ಮಾಡಿಸಿದಂತಿತ್ತು. 1968ರಲ್ಲಿ ಲಿಬರೇಟರ್‌ಗಳು ನಿವೃತ್ತವಾದವು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ದೇಶಗಳಲ್ಲಿ ಲಿಬರೇಟರ್‌ಗಳು ಬಹುತೇಕ ಗುಜರಿ ಸೇರಿದ್ದವು. ವಸ್ತುಸಂಗ್ರಹಾಲಯದವರು ಹುಡುಕಿಕೊಂಡು ಬಂದದ್ದು ಭಾರತಕ್ಕೆ. ತಾವು ಕೆಡಿಸಿ ಬಿಟ್ಟುಹೋಗಿದ್ದ ವಿಮಾನಗಳಲ್ಲೊಂದನ್ನು ಬ್ರಿಟಿಷರು 1974ರಲ್ಲಿ ಭಾರತದಿಂದಲೇ ಕಾಣಿಕೆಯಾಗಿ ಪಡೆದರು. ಅದು ತನ್ನ ಎಂಜಿನ್‌ಗಳ ಬಲದಿಂದಲೇ ಇಂಗ್ಲೆಂಡಿಗೆ ಹಾರಿಹೋಯಿತು.

ಕೆಡಿಸಲು ಸುತ್ತಿಗೆಯೊಂದು ಸಾಕು. ಸರಿಪಡಿಸಲು ಪ್ರತಿ ತಿರುಪೂ ಅಲ್ಲಿ ಏಕಿದೆ ಎಂಬುದು ತಿಳಿದಿರಬೇಕು. ಮನೆಯಲ್ಲಿ ಕೆಟ್ಟ ಗಡಿಯಾರವನ್ನೋ ಸೈಕಲ್ಲನ್ನೋ ಮಗು ಬಿಚ್ಚಿ ಕುಳಿತಾಗ ಗದರುವ ಮುನ್ನ ತಂದೆತಾಯಿಗಳು ಕಾನ್ಪುರದ ಆ ರಾಶಿಯನ್ನು ಒಮ್ಮೆ ನೆನೆಯಬೇಕು.