10 ಟನ್ ಪರ್ಮಿಟ್ಟು, 16 ಟನ್ ಲೂಟಿ



ರಸ್ತೆ ಹಾಳಾಗಿದೆ ಅಂತ ಎಲ್ಲರೂ ಬೈತಾರೆ. ಮಳೆಗೆ ಹಾಳಾಯ್ತು ಅಂತಾರೆ, ಕಂಟ್ರಾಕ್ಟರು ಟಾರು ತಿಂದ ಅಂತಾರೆ. ಮಳೆಯೂ ಸುರಿದಿದೆ, ಕಂಟ್ರಾಕ್ಟರೂ ತಿಂದಿದ್ದಾನೆ, ಇಲ್ಲವೆನ್ನುವುದಿಲ್ಲ. ಆದರೆ ಆ ರಸ್ತೆಯ ಬೆನ್ನು ಮುರಿದವನ ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನು ಆ ರಸ್ತೆಯಲ್ಲಿ ನಡೆದವನಲ್ಲ, ಲಾರಿ ಹತ್ತಿದವನೂ ಅಲ್ಲ. ಗಣಿಯಲ್ಲೋ ಕ್ರಷರಿನಲ್ಲೋ ಫ್ಯಾಕ್ಟರಿಯ ಆಫೀಸಿನಲ್ಲೋ ಫ್ಯಾನಿನ ಕೆಳಗೆ ಕೂತು "ಇನ್ನೂ ಎರಡು ಬಕೆಟ್ ಹಾಕ್ರೋ" ಅಂದವನು ಅವನು. ನಾವೀಗ ಮಾತಾಡಬೇಕಾಗಿರುವುದು ಅವನ ಬಗ್ಗೆ.

ಮೊದಲು ಲೆಕ್ಕ. ನಾವು ಆರ್ಟ್ಸ್ ಓದಿದವರು, ಲೆಕ್ಕ ಅಂದರೆ ಓಡಿಹೋಗ್ತೀವಿ. ಓಡಿಹೋಗ್ತೀವಿ ಅಂತ ಗೊತ್ತಿರುವುದರಿಂದಲೇ ನಮ್ಮನ್ನು ಲೆಕ್ಕದಲ್ಲಿ ಹೊಡೀತಾರೆ. ಆರು ಚಕ್ರದ ಮಾಮೂಲಿ ಲಾರಿ ಇದೆಯಲ್ಲ, ಅದು ಮಾಲು ಸಮೇತ 16.2 ಟನ್ ಮೀರಬಾರದು ಅಂತ 2018ರವರೆಗೆ ಕಾನೂನಿತ್ತು. ಬರೀ ಲಾರಿಯದೇ ಸುಮಾರು 6 ಟನ್ ತೂಕ. ಉಳಿದದ್ದು 10 ಟನ್ ಮಾಲು. ಹಿಂದಿನ ಅಚ್ಚಿನ ಮೇಲೆ, ಡ್ರೈವರುಗಳು ಆಕ್ಸಲ್ ಅಂತಾರಲ್ಲ ಅದರ ಮೇಲೆ, 10.2 ಟನ್ನಿಗಿಂತ ಹೆಚ್ಚು ಬೀಳುವಂತಿರಲಿಲ್ಲ. ಈಗ 10ರ ಬದಲು 16 ಟನ್ ಮಾಲು ಹೇರಿದರು ಅಂತ ಇಟ್ಟುಕೊಳ್ಳಿ. ಹಿಂದಿನ ಅಚ್ಚಿನ ಭಾರ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು. ರಸ್ತೆಗೆ ಆಗುವ ಪೆಟ್ಟೂ ಒಂದೂವರೆ ಪಟ್ಟು ಅಂತ ತಿಳಿದರೆ ಅಲ್ಲೇ ಮೋಸ ಹೋದಿರಿ.

ಅಮೆರಿಕದ ಇಲಿನಾಯ್ ಪ್ರಾಂತ್ಯದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ಥರದ ರಸ್ತೆ ಹಾಕಿ, ಅವುಗಳ ಮೇಲೆ ಬೇರೆ ಬೇರೆ ಭಾರದ ಲಾರಿ ಓಡಿಸಿ ನೋಡಿದರು. ಅಲ್ಲಿಂದ ಬಂದ ಸೂತ್ರವನ್ನೇ ಇವತ್ತಿಗೂ ರಸ್ತೆ ಇಂಜಿನಿಯರುಗಳು ಹಿಡಿದುಕೊಂಡಿದ್ದಾರೆ. ಅಚ್ಚಿನ ಭಾರ ಎಷ್ಟು ಪಟ್ಟು ಏರಿತೋ ಆ ಸಂಖ್ಯೆಯನ್ನು ನಾಲ್ಕು ಸಲ ಬರೆದು ಗುಣಿಸಿದರೆ ಬರುವಷ್ಟು ಪಟ್ಟು ರಸ್ತೆಗೆ ಪೆಟ್ಟು. ಒಂದೂವರೆಯನ್ನು ಗುಣಿಸಿ ನೋಡಿ, 5 ಬರುತ್ತದೆ. ಎರಡನ್ನು ಗುಣಿಸಿ, 16! ಟ್ರಿಪ್ಪು ಕಡಿಮೆಯಾಯ್ತಲ್ಲ, ರಸ್ತೆಗೆ ಒಳ್ಳೇದೇ ಅಲ್ವಾ ಅಂತ ಕೆಲವು ಬುದ್ಧಿವಂತರು ಕೇಳ್ತಾರೆ. ಅದನ್ನೂ ನೋಡೋಣ. 80 ಟನ್ ಮಾಲಿಗೆ ಕಾನೂನಿನ ಪ್ರಕಾರ 8 ಟ್ರಿಪ್ಪು. 16 ಟನ್ನಿನಂತೆ ಹೇರಿದರೆ 5 ಟ್ರಿಪ್ಪು. ಒಂದೊಂದು ಟ್ರಿಪ್ಪೂ 5ಕ್ಕೆ ಸಮ, ಅಲ್ಲಿಗೆ 25. 8ರ ಜಾಗದಲ್ಲಿ 25. ಉಳಿದ ಮೂರು ಟ್ರಿಪ್ಪಿನ ಡೀಸೆಲ್ ಸಾಹುಕಾರನ ಜೇಬಿಗೆ. ಹದಿನೇಳು ಟ್ರಿಪ್ಪಿನ ಹೆಚ್ಚುವರಿ ಪೆಟ್ಟು ನಮ್ಮೂರ ರಸ್ತೆಗೆ.

ಈ ಲೆಕ್ಕವನ್ನು ಕರ್ನಾಟಕದ ಎದೆಯ ಮೇಲೆ ಬರೆದು ತೋರಿಸಿದವರು ಬಳ್ಳಾರಿಯ ಗಣಿಧಣಿಗಳು. ಚೀನಾದಲ್ಲಿ ಅದಿರಿಗೆ ಬೆಲೆ ಬಂದ ಕಾಲ. ಸಂಡೂರಿನ ಗುಡ್ಡ ಕರಗಿ ಲಾರಿ ಹತ್ತಿತು. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆ ಪಕ್ಕದ ಬೇಲೇಕೇರಿ ಬಂದರಿಗೆ ಹೋಯಿತು. ಕೆಎ-35, ಕೆಎ-37, ಕೆಎ-26, ಕೆಎ-25, ಕೆಎ-30: ಕನಿಷ್ಠ ಐದು ಆರ್‌ಟಿಓಗಳ ಸರಹದ್ದು. ಪೊಲೀಸ್ ಠಾಣೆಗಳನ್ನು ನೀವೇ ಎಣಿಸಿಕೊಳ್ಳಿ. ಒಬ್ಬನ ಕಣ್ಣು ತಪ್ಪಬಹುದು, ಎಲ್ಲರ ಕಣ್ಣಿಗೂ ಒಂದೇ ಸಲ ಪೊರೆ ಬರ್ತದಾ?

ಇಲ್ಲೊಂದು ತಮಾಷೆ ಇದೆ. ಅದಿರು ಕಬ್ಬಿಣದ ಜಾತಿ. ಲಾರಿಯ ತೊಟ್ಟಿ ಅರ್ಧ ತುಂಬುವಷ್ಟರಲ್ಲೇ ತೂಕ ಮುಗಿದುಹೋಗಿರುತ್ತದೆ. ಮೇಲೆ ಟಾರ್ಪಾಲು ಎಳೆದರೆ ಸಾಧು ಲಾರಿ. ಅದೇ ಹುಲ್ಲು ತುಂಬಿದ ಲಾರಿ ನೋಡಿ, ಆಕಾಶ ಮುಟ್ಟುವ ಹಾಗೆ ಕಾಣುತ್ತದೆ, ತೂಕ ಏನೂ ಇರುವುದಿಲ್ಲ. ದಾರಿಯಲ್ಲಿ ಕೈ ಅಡ್ಡ ಹಾಕಿಸಿಕೊಳ್ಳುವುದು ಯಾವ ಲಾರಿ ಅಂತ ಹಳ್ಳಿಯಿಂದ ಬಂದ ನಿಮಗೆ ಹೇಳಬೇಕಾಗಿಲ್ಲ.

ಹೆಚ್ಚುವರಿ ಆರು ಟನ್ನು ರಸ್ತೆಯನ್ನಷ್ಟೇ ತಿನ್ನುವುದಿಲ್ಲ. ಪರ್ಮಿಟ್ಟಿನಲ್ಲಿ ಬರೆದದ್ದು 10 ಆದರೆ ಉಳಿದ 6 ಟನ್ನಿಗೆ ರಾಜಧನವೂ ಇಲ್ಲ, ಲೆಕ್ಕವೂ ಇಲ್ಲ. ಒಂದೇ ಲಾರಿಯಲ್ಲಿ ಎರಡು ಕಳ್ಳತನ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯಿಂದಾದ ನಷ್ಟವನ್ನು 16,085 ಕೋಟಿ ರೂಪಾಯಿ ಅಂತ ಅಂದಾಜು ಮಾಡಿತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೂ ಮುಂಚೆ, 2010ರಲ್ಲಿ, ಬೇಲೇಕೇರಿಯಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಅಲ್ಲಿಂದಲೇ ಮಾಯವಾಗಿತ್ತು. ಲಕ್ಷ ಟನ್ ಹಡಗು ಹತ್ತಿ ಹೋಗುವುದನ್ನು ನೋಡದ ಸರ್ಕಾರ ಲಾರಿಯಲ್ಲಿ ಹೆಚ್ಚಿಗೆ ಕೂತ ಆರು ಟನ್ ನೋಡೀತೇ?

ಕಾನೂನು ಇಲ್ಲವೇ ಅಂತ ಕೇಳ್ತೀರಿ. ಇದೆ, ಚೆನ್ನಾಗೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಓದಿ. ಭಾರ ಮೀರಿದ ಗಾಡಿ ಓಡಿಸಿದವನು, ಓಡಿಸುವಂತೆ ಮಾಡಿದವನು, ಓಡಿಸಲು ಬಿಟ್ಟವನು, ಮೂವರೂ ತಪ್ಪಿತಸ್ಥರು. 113ನೇ ಕಲಮು ಇನ್ನೂ ಮುಂದೆ ಹೋಗಿ, ಡ್ರೈವರು ಮಾಲೀಕನಲ್ಲದಿದ್ದರೆ ಮಾಲೀಕನಿಗೆ ಗೊತ್ತಿದ್ದೇ, ಅವನ ಅಪ್ಪಣೆಯಿಂದಲೇ ಇದು ನಡೆಯಿತು ಅಂತ ಕೋರ್ಟು ಭಾವಿಸಬಹುದು ಅನ್ನುತ್ತದೆ. ಕಾಯ್ದೆ ಬರೆದವನಿಗೆ ಲೋಕಜ್ಞಾನ ಇತ್ತು. ಆದರೆ ರಸ್ತೆಯಲ್ಲಿ ಪುಸ್ತಕ ತೆರೆದಾಗ ಬರೆಯುವುದು ಮೊದಲನೆಯವನ ಹೆಸರು ಮಾತ್ರ. ಮೂರು ದಿನ ನಿದ್ದೆಗೆಟ್ಟ ಡ್ರೈವರು, ಅವನ ಪಕ್ಕ ಮೀಸೆ ಚಿಗುರದ ಕ್ಲೀನರ್ ಹುಡುಗ. ಘಟ್ಟದಲ್ಲಿ ಬ್ರೇಕು ಹಿಡಿಯದೆ ಲಾರಿ ಉರುಳಿದರೆ ಸಾಯುವವರೂ ಇವರೇ, ಬದುಕಿದರೆ ಕೇಸು ಹಾಕಿಸಿಕೊಳ್ಳುವವರೂ ಇವರೇ. ಹೇರಿಸಿದವನು ಸಾಕ್ಷಿಯಾಗಿಯೂ ಬರುವುದಿಲ್ಲ.

2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ದಂಡ ಕಟ್ಟಿದ ಮಾತ್ರಕ್ಕೆ ಹೆಚ್ಚಿನ ಭಾರ ಹೊತ್ತು ಮುಂದೆ ಹೋಗುವಂತಿಲ್ಲ, ಹೆಚ್ಚಿನದನ್ನು ಇಳಿಸಲೇಬೇಕು. ದಂಡ ಇಸಕೊಂಡು ಕಳಿಸಿದರೆ ಅದು ದಂಡವಲ್ಲ, ಟಿಕೀಟು. 2019ರ ಸೆಪ್ಟೆಂಬರಿನಿಂದ ಈ ದಂಡ 2,000 ರೂಪಾಯಿಯಿಂದ 20,000ಕ್ಕೆ ಏರಿತು, ಹೆಚ್ಚಿನ ಪ್ರತಿ ಟನ್ನಿಗೆ 1,000 ಇದ್ದದ್ದು 2,000 ಆಯಿತು. ಆರು ಟನ್ನಿಗೆ 8,000 ಆಗುತ್ತಿದ್ದದ್ದು 32,000. ನಮಗೇನು ಖುಷಿಯಾಗಲಿಲ್ಲ. ಡ್ರೈವರಿನ ಸಂಬಳದಿಂದ ಮುರಿದುಕೊಳ್ಳುವುದಾದರೆ ದಂಡ ಎಷ್ಟಾದರೇನು? ದಂಡ ಏರಿದಷ್ಟೂ ಮಾಮೂಲಿನ ರೇಟೂ ಏರ್ತದೆ, ಅಷ್ಟೇ.

ಒಂದು ವಾದ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಒಂದು ಲಾರಿ ಇಟ್ಟುಕೊಂಡವನು ಹೇಳ್ತಾನೆ: "ಅಣ್ಣಾ, ಕಾನೂನಿನಂತೆ ಹೇರಿದರೆ ಕಂತು ಹುಟ್ಟಲ್ಲ, ನಿಮ್ಮ ಕಾನೂನು ನಮ್ಮ ಹೊಟ್ಟೆ ಮೇಲೆ ಹೊಡೀತದೆ." ನಿಜ. ಕಂತು ಹುಟ್ಟುವುದಿಲ್ಲ. ಯಾಕೆ ಹುಟ್ಟುವುದಿಲ್ಲ ಅಂತ ಮಾತ್ರ ಅವನು ಕೇಳಿಕೊಳ್ಳುತ್ತಿಲ್ಲ. ಬಾಡಿಗೆ ಕೊಡೋದು ಟನ್ ಲೆಕ್ಕದಲ್ಲಿ. ಪಕ್ಕದವನು 16 ಹೇರಿಕೊಂಡು ಹೋಗುತ್ತಿದ್ದರೆ, ಆ 16ಕ್ಕೆ ಗಿಟ್ಟುವಷ್ಟಕ್ಕೇ ಟನ್ನಿನ ಬಾಡಿಗೆ ಇಳಿದು ನಿಲ್ಲುತ್ತದೆ. ಆಮೇಲೆ 10 ಹೇರುವವನು ಸಾಯಲೇಬೇಕು. ಹೆಚ್ಚಿನ ಆರು ಟನ್ನಿನ ಲಾಭ ಲಾರಿಯವನಿಗೆ ಬಂದೇ ಇಲ್ಲ, ಕಡಿಮೆ ಬಾಡಿಗೆಯ ರೂಪದಲ್ಲಿ ಮಾಲಿನ ಒಡೆಯನ ಗಲ್ಲಾ ಸೇರಿತು. ಎಲ್ಲ ಲಾರಿಯನ್ನೂ ಒಂದೇ ಸಮ ಹಿಡಿದರೆ ಬಾಡಿಗೆ ಏರದೆ ದಾರಿಯಿಲ್ಲ, ಮಾಲು ಮನೆಯಲ್ಲಿಟ್ಟುಕೊಂಡು ಅವನೇನು ಪೂಜೆ ಮಾಡ್ತಾನಾ? ಒಬ್ಬನನ್ನು ಹಿಡಿದು ಹತ್ತು ಲಾರಿ ಬಿಡುವುದೇ ಬಡವನ ಹೊಟ್ಟೆ ಮೇಲೆ ಹೊಡೆಯುವುದು.

ಸರ್ಕಾರ ಮಾಡಿದ್ದೇನು? 2018ರ ಜುಲೈನಲ್ಲಿ ಮಿತಿಯನ್ನೇ ಎತ್ತರಿಸಿತು. 16.2 ಇದ್ದದ್ದು 18.5 ಟನ್. ಹತ್ತು ಚಕ್ರದ ಲಾರಿಗೆ 25 ಇದ್ದದ್ದು 28.5. ಗಾಡಿಗಳು ಸುಧಾರಿಸಿವೆ, ರಸ್ತೆಗಳು ಸುಧಾರಿಸಿವೆ ಅಂದರು. ಹೆದ್ದಾರಿ ಸುಧಾರಿಸಿರಬಹುದು. ಗಣಿಯಿಂದ, ಕಲ್ಲು ಕ್ವಾರಿಯಿಂದ ಹೆದ್ದಾರಿಗೆ ಸೇರುವ ಹಳ್ಳಿ ರಸ್ತೆ, ಅದರ ಹಳೇ ಮೋರಿ ಸೇತುವೆ ಯಾವಾಗ ಸುಧಾರಿಸಿದವು? ಅವುಗಳ ಮೇಲೆ ಇಸ್ಕೂಲಿಗೆ ನಡೆಯುವ ಮಕ್ಕಳ ಕಾಲಿನಿಂದ ಆ ರಸ್ತೆಗೆ ಒಂದು ಕಲ್ಲೂ ಕಿತ್ತುಬಂದಿಲ್ಲ. ಧೂಳು ಮಾತ್ರ ಅವರ ಪಾಲಿಗೆ.

ಇನ್ನು ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಯ ಬೆನ್ನುಮೂಳೆ. ಮೈಗೆ ಪೆಟ್ಟಾಗುವಷ್ಟು ಭಾರ ಯಾರಿಂದಲೂ ಎತ್ತಿಸಬಾರದು ಅಂತ 1948ರ ಫ್ಯಾಕ್ಟರಿ ಕಾಯ್ದೆಯ 34ನೇ ಕಲಮಿನಲ್ಲಿ ಬರೆದಿದ್ದರು. ಫ್ಯಾಕ್ಟರಿ ಗೇಟಿನ ಆಚೆ ಮಂಡಿಯಲ್ಲಿ ಮೂಟೆ ತೂಗಿದವರುಂಟು, ಹೊತ್ತವನ ಬೆನ್ನು ನೋಡಿದವರಿಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು.

ತೂಗಲು ಯಂತ್ರವಿಲ್ಲ ಅನ್ನುವ ನೆಪ ನಂಬಬೇಡಿ. ಗಾಡಿ ಹೋಗುತ್ತಿರುವ ದಾರಿಯಲ್ಲಿ 10 ಕಿಲೋಮೀಟರ್ ಒಳಗಿನ ಯಾವ ವೇಬ್ರಿಡ್ಜಿಗಾದರೂ ಕರಕೊಂಡು ಹೋಗಿ ತೂಗಿಸುವ ಅಧಿಕಾರ 114ನೇ ಕಲಮಿನಲ್ಲಿದೆ. ಅದಕ್ಕಿಂತ ದೊಡ್ಡ ಮಾತು: ಮಾಲು ಆಗಲೇ ತೂಗಿ ಆಗಿರುತ್ತದೆ! ಟನ್ ಲೆಕ್ಕದಲ್ಲಿ ಮಾರುವವನು ತೂಗದೆ ಕಳಿಸ್ತಾನಾ? ತೂಗದೆ ಇಳಿಸಿಕೊಳ್ತಾರಾ? ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ಬಂದ ತಕ್ಷಣ ವೇಬ್ರಿಡ್ಜ್ ಹತ್ತಿಸಿ ಚೀಟಿ ಹರೀತಾರೆ. ರೈತನಿಗೆ ಕೊಡುವ ದುಡ್ಡಿಗೆ ಆ ಚೀಟಿ ಸಾಕ್ಷಿ. ಗಾಡಿ ಭಾರ ಮೀರಿತ್ತು ಅನ್ನುವುದಕ್ಕೆ ಅದೇ ಚೀಟಿ ಯಾಕೆ ಸಾಕ್ಷಿಯಲ್ಲ? ಕಳ್ಳನೇ ತನ್ನ ಕೈಯಾರೆ ತಾರೀಕು, ಗಾಡಿ ನಂಬರು, ತೂಕ ಅಚ್ಚು ಹಾಕಿ ಇಟ್ಟಿದ್ದಾನೆ. ಹೋಗಿ ಇಸಕೊಂಡು ಬರುವವರಿಲ್ಲ.

ಹಾಸ್ಟೆಲಿನ ಗೆಳೆಯರು ಮಾಡಬಹುದಾದ ಕೆಲಸ ಇದೆ. ನಿಂತ ಲಾರಿಯ ಪಕ್ಕ ಹೋಗಿ ನೋಡಿ, ಯು.ಎಲ್.ಡಬ್ಲ್ಯೂ. ಅಂತ ಬರಿಗಾಡಿಯ ತೂಕ, ಜಿ.ವಿ.ಡಬ್ಲ್ಯೂ. ಅಂತ ಮಾಲು ಸಮೇತ ಮಿತಿ ಬಣ್ಣದಲ್ಲಿ ಬರೆದಿರುತ್ತದೆ. ಒಂದರಿಂದ ಒಂದು ಕಳೆಯಿರಿ. ಆಮೇಲೆ 10 ರೂಪಾಯಿ ಶುಲ್ಕ ಕಟ್ಟಿ, 2005ರ ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ ನಿಮ್ಮ ತಾಲ್ಲೂಕಿನ ಆರ್‌ಟಿಓಗೆ ಅರ್ಜಿ ಹಾಕಿ. ಕಳೆದ ವರ್ಷ ಭಾರ ಮೀರಿದ್ದಕ್ಕೆ ಎಷ್ಟು ಗಾಡಿ ಹಿಡಿದಿರಿ, ಅದರಲ್ಲಿ ಎಷ್ಟರಿಂದ ಹೆಚ್ಚಿನ ಮಾಲು ಇಳಿಸಿದಿರಿ, ಡ್ರೈವರನ್ನು ಬಿಟ್ಟು ಮಾಲೀಕನ ಮೇಲೆ, ಹೇರಿಸಿದವನ ಮೇಲೆ ಎಷ್ಟು ಕೇಸು ಹಾಕಿದಿರಿ? ಮೂರೇ ಪ್ರಶ್ನೆ. ಬಂದ ಉತ್ತರವನ್ನು ಮುಂದಿನ ಸಭೆಗೆ ತನ್ನಿ, ಮೂರನೆಯದಕ್ಕೆ ಬಂದದ್ದನ್ನು ಜೋರಾಗಿ ಓದೋಣ.