ಯುರೋಪು ಒಂದಾಗಲು ಹಳೆಯ ಹಗೆ ಅಡ್ಡಿಯಲ್ಲ

ಸ್ಟ್ರಾಸ್‌ಬರ್ಗ್‌ನ ರಿಪಬ್ಲಿಕ್ ಚೌಕದಲ್ಲಿ 1936ರ ಒಂದು ಯುದ್ಧ ಸ್ಮಾರಕವಿದೆ. ತಾಯಿಯೊಬ್ಬಳು ಸಾಯುತ್ತಿರುವ ಇಬ್ಬರು ಗಂಡುಮಕ್ಕಳನ್ನು ಹಿಡಿದು ಕೂತಿದ್ದಾಳೆ. ಒಬ್ಬ ಫ್ರಾನ್ಸಿಗಾಗಿ ಹೋರಾಡಿದವನು, ಇನ್ನೊಬ್ಬ ಜರ್ಮನಿಗಾಗಿ. ಮೈಮೇಲೆ ಸಮವಸ್ತ್ರವಿಲ್ಲದ ಕಾರಣ ಯಾರು ಯಾವ ಕಡೆಯವನೆಂದು ತಿಳಿಯುವುದಿಲ್ಲ. ಫ್ರಾನ್ಸಿನ ಬೇರೆ ಊರುಗಳ ಸ್ಮಾರಕಗಳಲ್ಲಿ ಸಾಮಾನ್ಯವಾಗಿ ಫ್ರಾನ್ಸಿಗಾಗಿ ಮಡಿದವರು ಎಂದಿರುತ್ತದೆ. ಇಲ್ಲಿ ದೇಶದ ಹೆಸರೇ ಇಲ್ಲ, ನಮ್ಮಲ್ಲಿ ಮಡಿದವರಿಗೆ ಎಂದಷ್ಟೇ ಇದೆ. ಇದ್ದೀತಾದರೂ ಹೇಗೆ? ಆ ಊರು 1871ರಲ್ಲಿ ಜರ್ಮನಿಗೆ ಹೋಯಿತು, 1918ರಲ್ಲಿ ಫ್ರಾನ್ಸಿಗೆ ಬಂತು, 1940ರಲ್ಲಿ ಹಿಟ್ಲರನ ಪಾಲಾಯಿತು, 1944ರಲ್ಲಿ ಮತ್ತೆ ಫ್ರಾನ್ಸಿನದಾಯಿತು. ಮನೆ ಬಿಟ್ಟು ಕದಲದವರೂ ನಾಲ್ಕು ಸಲ ದೇಶ ಬದಲಿಸಿದರು.

ಮಂಗಳೂರಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದಾಗ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುತ್ತಿದ್ದರು: ಇಷ್ಟು ಕಾಲ ಕತ್ತಿ ಮಸೆದವರು ಒಂದೇ ಆಡಳಿತದಡಿ ಬಾಳುವುದುಂಟಾ ಸಾರ್? ಬಾಳಬಹುದು, ಬಾಳಬೇಕು ಎಂಬುದೇ ಇವತ್ತಿಗೂ ನನ್ನ ಉತ್ತರ. ಹಗೆ ಇತ್ತೆಂಬ ಕಾರಣಕ್ಕೇ ಐರೋಪ್ಯ ಒಕ್ಕೂಟ ಹುಟ್ಟಿದ್ದು. ಅದರ ಮೊದಲ ಪ್ರಸ್ತಾವ ಇಟ್ಟ ರಾಬರ್ಟ್ ಶುಮಾನ್ ಅವರನ್ನೇ ನೋಡಿ. ಹುಟ್ಟಿದ್ದು ಲಕ್ಸೆಂಬರ್ಗಿನಲ್ಲಿ, ಜರ್ಮನ್ ಪ್ರಜೆಯಾಗಿ. ವಕೀಲಿಕೆ ಶುರು ಮಾಡಿದ್ದು ಆಗ ಜರ್ಮನಿಯದಾಗಿದ್ದ ಮೆಟ್ಜ್ ನಗರದಲ್ಲಿ. ಮೊದಲ ಮಹಾಯುದ್ಧ ಮುಗಿದಾಗ ಫ್ರೆಂಚ್ ಪ್ರಜೆಯಾದರು, ಮುಂದೆ ಫ್ರಾನ್ಸಿನ ವಿದೇಶಾಂಗ ಸಚಿವರೂ ಆದರು. 1950ರ ಮೇ 9ರಂದು ಅವರು ಸ್ನೇಹ ಸೌಹಾರ್ದದ ಭಾಷಣಕ್ಕೆ ನಿಲ್ಲಲಿಲ್ಲ. ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಪ್ರಾಧಿಕಾರದ ಕೈಗೆ ಕೊಡೋಣ ಎಂದರು. ಫಿರಂಗಿ ಎರಕ ಹೊಯ್ಯಲು ಬೇಕಾದ್ದೇ ಹಂಚಿಕೊಂಡ ಆಸ್ತಿಯಾದರೆ ಗುಟ್ಟಾಗಿ ಯುದ್ಧಕ್ಕೆ ಸಜ್ಜಾಗುವುದು ಹೇಗೆ? ಮರುವರ್ಷ ಆರು ದೇಶಗಳು ಸಹಿ ಹಾಕಿದವು.

ಆ ಹಗೆಯ ಬಿಸಿ ನಮ್ಮ ಕರಾವಳಿಗೂ ತಟ್ಟಿತ್ತೆಂಬುದು ಇಲ್ಲಿಯ ಹೊಸ ತಲೆಮಾರಿಗೆ ಅಷ್ಟಾಗಿ ಗೊತ್ತಿಲ್ಲ. ಹಂಚಿನ ಕಾರ್ಖಾನೆ, ನೇಯ್ಗೆ, ಮುದ್ರಣಾಲಯ ನಡೆಸುತ್ತಿದ್ದ ಬಾಸೆಲ್ ಮಿಷನ್ನಿನಲ್ಲಿ ಅನೇಕರು ಜರ್ಮನರು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರಕ್ಕೆ ಅವರು ಶತ್ರುಗಳಾದರು, ಬಂಧನಕ್ಕೊಳಗಾದರು. ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು.

ಈಗ ನನ್ನ ಮಗಳು ರೈನ್ ನದಿಯ ಜರ್ಮನ್ ದಂಡೆಯ ಕೇಲ್ ಎಂಬ ಪುಟ್ಟ ಊರಿನಲ್ಲಿದ್ದಾಳೆ, ಕೆಲಸ ಆಚೆ ದಂಡೆಯ ಸ್ಟ್ರಾಸ್‌ಬರ್ಗಿನಲ್ಲಿ. 2017ರಿಂದ ಸೇತುವೆ ಮೇಲೆ ಟ್ರಾಮ್ ಓಡುತ್ತದೆ. ಸಂಜೆ ಅದರಲ್ಲಿ ಕೂತರೆ ಕಾಣುವುದು ಸಿಗರೇಟು, ಶಾಂಪೂ, ಮಗುವಿನ ಡೈಪರು ತುಂಬಿದ ಚೀಲಗಳು. ಜರ್ಮನಿಯಲ್ಲಿ ಅಗ್ಗವೆಂದು ಫ್ರೆಂಚರು ಅಲ್ಲಿಗೇ ಹೋಗಿ ಕೊಳ್ಳುತ್ತಾರೆ. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಇದೇ ಗಡಿಯಲ್ಲಿ ಜರ್ಮನ್ ಪೊಲೀಸರು ಅಡ್ಡ ನಿಂತರು. 2024ರ ಸೆಪ್ಟೆಂಬರ್‌ನಲ್ಲಿ ವಲಸೆಯ ಕಾರಣ ಕೊಟ್ಟು ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿತು. ಜನ ಒಂದಾಗಿದ್ದರೂ ಸರ್ಕಾರಗಳು ಬೇಕೆಂದಾಗ ಬಾಗಿಲು ಹಾಕಿಕೊಳ್ಳುತ್ತವೆ.

ನಿಜವಾದ ತೊಡಕು ಇರುವುದು ಇಲ್ಲಿ. ವಿದೇಶಾಂಗ ನೀತಿಯಲ್ಲಿ ಸಾಮಾನ್ಯವಾಗಿ 27 ದೇಶಗಳೂ ಒಪ್ಪಬೇಕು, ಒಂದು ಬೇಡವೆಂದರೆ ಮುಗಿಯಿತು. 2023ರ ಡಿಸೆಂಬರ್‌ನಲ್ಲಿ ಉಕ್ರೇನನ್ನು ಸೇರಿಸಿಕೊಳ್ಳುವ ಮಾತುಕತೆಗೆ ಒಪ್ಪಿಗೆ ಸಿಕ್ಕಿದ್ದು ಹಂಗೆರಿಯ ಪ್ರಧಾನಿ ವಿಕ್ಟರ್ ಓರ್ಬಾನ್ ಕೋಣೆಯಿಂದ ಎದ್ದು ಹೋಗಿದ್ದಾಗ! ಜರ್ಮನಿಯ ಚಾನ್ಸಲರೇ ಅವರನ್ನು ಉಪಾಯವಾಗಿ ಹೊರಗೆ ಕಳಿಸಿದ್ದರು. ಅದೇ ರಾತ್ರಿ ಒಳಗೆ ಬಂದು ಓರ್ಬಾನ್ ಉಕ್ರೇನಿನ 50 ಶತಕೋಟಿ ಯುರೋ ನೆರವಿಗೆ ಅಡ್ಡಗಾಲು ಹಾಕಿದರು, ಅದು ದಾಟಿದ್ದು ಫೆಬ್ರುವರಿಯಲ್ಲಿ. ಪಕ್ಕದಲ್ಲೇ ಯುದ್ಧ ನಡೆಯುತ್ತಿರುವಾಗ ಒಬ್ಬರನ್ನು ಕಾಫಿಗೆ ಕಳಿಸಿ ತೀರ್ಮಾನ ಮಾಡುವುದನ್ನು ರಾಜಕೀಯ ಒಕ್ಕೂಟ ಎನ್ನಲಾಗದು. ಬೊಕ್ಕಸವೂ ಅಷ್ಟಕ್ಕಷ್ಟೆ: ಒಕ್ಕೂಟದ ಬಜೆಟ್ ಸದಸ್ಯ ದೇಶಗಳ ಒಟ್ಟು ವರಮಾನದ ಶೇ 1ರ ಆಸುಪಾಸಿನಲ್ಲಿದೆ. ರಕ್ಷಣೆ ಮತ್ತು ವಿದೇಶಾಂಗ ವಿಷಯಗಳಲ್ಲಾದರೂ ಬಹುಮತದ ತೀರ್ಮಾನ ಬರಲಿ, ಅದಕ್ಕೆ ತಕ್ಕ ಹಣವೂ ಇರಲಿ ಎಂಬುದು ನನ್ನ ವಾದ.

ಅಷ್ಟೆಲ್ಲ ಭಾಷೆಗಳ ಭಾರತ ಒಂದಾಗಲಿಲ್ಲವೇ ಎಂದು ನಮ್ಮವರು ಹೋಲಿಸುತ್ತಾರೆ. ನನಗದು ರುಚಿಸುವುದಿಲ್ಲ. ನಮಗೆ ಎಲ್ಲರೂ ಸೇರಿ ಓಡಿಸಬೇಕಾದ ಒಬ್ಬ ದೊರೆಯಿದ್ದ, ಅವರಿಗೆ ಹಾಗಿಲ್ಲ. ಮೇಲಾಗಿ ತೆರಿಗೆ ಪಾಲಿಗಾಗಿ ದೆಹಲಿಯ ಬಾಗಿಲು ತಟ್ಟುವ ನಾವು, ಎಲ್ಲವನ್ನೂ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿಗೆ ಒಪ್ಪಿಸಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳೋಣ? ಪೋಲೆಂಡಿನವರ ಅಳುಕನ್ನೂ ತಳ್ಳಿಹಾಕುವಂತಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಹಂಚಿಕೊಂಡು ನುಂಗಿದ್ದರಿಂದ 1795ರಿಂದ 1918ರವರೆಗೆ ಭೂಪಟದಲ್ಲೇ ಇಲ್ಲದಿದ್ದ ದೇಶ ಅದು. ಆಮೇಲೆ ಹಿಟ್ಲರ್, ಆಮೇಲೆ ಮಾಸ್ಕೋದ ನೆರಳು. ಇಷ್ಟೆಲ್ಲ ಕಳೆದು 1989ರಲ್ಲಿ ಕೈಗೆ ಬಂದ ಅಧಿಕಾರವನ್ನು ಮತ್ತೊಬ್ಬರಿಗೆ ಕೊಡು ಎಂದರೆ ಯಾರಾದರೂ ಹಿಂದೆಮುಂದೆ ನೋಡುತ್ತಾರೆ.

ಹಾಗಾಗಿ ಕೇಳಿ ಮಾಡಬೇಕು. 2005ರಲ್ಲಿ ಯುರೋಪಿನ ಸಂವಿಧಾನವನ್ನು ಜನಮತಕ್ಕೆ ಹಾಕಿದಾಗ ಫ್ರಾನ್ಸಿನಲ್ಲಿ ಸುಮಾರು ಶೇ 55, ನೆದರ್ಲೆಂಡ್ಸಿನಲ್ಲಿ ಶೇ 61ಕ್ಕೂ ಹೆಚ್ಚು ಮಂದಿ ಬೇಡವೆಂದರು. ಎರಡು ವರ್ಷದಲ್ಲಿ ಅದರ ಬಹುಪಾಲು ಲಿಸ್ಬನ್ ಒಪ್ಪಂದವಾಗಿ ಬಂತು, ಈ ಎರಡೂ ದೇಶಗಳಲ್ಲಿ ಸಂಸತ್ತೇ ಅದನ್ನು ಅಂಗೀಕರಿಸಿತು. ಜನರನ್ನು ಮತ್ತೆ ಕೇಳಲಿಲ್ಲ. ಬ್ರಸೆಲ್ಸ್ ಎಂದರೆ ಹಿಂಬಾಗಿಲಿನವರು ಎಂಬ ಮಾತಿಗೆ ಅಂದು ಸಿಕ್ಕ ಬಲ ಇನ್ನೂ ಕರಗಿಲ್ಲ.

ಡೆನ್ಮಾರ್ಕಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. 1992ರಲ್ಲಿ ಅಲ್ಲಿಯ ಜನ ಮಾಸ್ಟ್ರಿಕ್ಟ್ ಒಪ್ಪಂದವನ್ನು ತಿರಸ್ಕರಿಸಿದರು. ಉಳಿದವರು ಮುನಿಸಿಕೊಂಡು ಹೊರಗಟ್ಟಲಿಲ್ಲ. ಯುರೋ ಬೇಡವೇ, ಬೇಡ, ಜಂಟಿ ರಕ್ಷಣೆ ಬೇಡವೇ, ಅದೂ ಬೇಡ ಎಂದು ವಿನಾಯಿತಿ ಕೊಟ್ಟರು. ಯುರೋವನ್ನು ಡೇನರು 2000ದಲ್ಲೂ ಒಲ್ಲೆವೆಂದರು, ಅವರ ಜೇಬಿನಲ್ಲಿ ಇಂದಿಗೂ ಕ್ರೋನವೇ ಇದೆ. ಆದರೆ ರಷ್ಯಾದ ಸೈನ್ಯ ಉಕ್ರೇನಿಗೆ ನುಗ್ಗಿದ ಮೇಲೆ, 2022ರ ಜೂನ್ 1ರಂದು, ಅದೇ ಡೇನರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಜಂಟಿ ರಕ್ಷಣೆಗೆ ನಾವೂ ಬರುತ್ತೇವೆಂದು ಮತ ಹಾಕಿದರು.