ಕಲಬುರಗಿ–ಮಂಗಳೂರು: ನೇರ ವಿಮಾನ ಬೇಕು



ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್‌ನಲ್ಲಿ. ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ ರನ್‌ವೇ ಇದೆ. ಆದರೂ ನಮ್ಮ ಭಾಗದವರಿಗೆ ಕರಾವಳಿ ಇನ್ನೂ ದೂರವೇ.

ಇಲ್ಲಿಂದ ಮಂಗಳೂರಿಗೆ ಆಕಾಶಮಾರ್ಗದ ನೇರ ದೂರ ಸುಮಾರು 530 ಕಿ.ಮೀ. ಎಪ್ಪತ್ತು ಆಸನಗಳ ಎಟಿಆರ್ ವಿಮಾನ ಗಂಟೆಗೆ ಹತ್ತಿರ ಹತ್ತಿರ 500 ಕಿ.ಮೀ. ವೇಗದಲ್ಲಿ ಹಾರುತ್ತದೆ. ಏರುವ, ಇಳಿಯುವ ಹೊತ್ತು ಸೇರಿಸಿದರೂ ಒಂದೂವರೆ ಗಂಟೆ ಸಾಕು. ಅದೇ ಬೆಂಗಳೂರಿನ ಮೇಲೆ ಹೋಗುವುದಾದರೆ ದೂರ ಸುಮಾರು 770 ಕಿ.ಮೀ. ಆಗುತ್ತದೆ. ದೂರಕ್ಕಿಂತ ಹೆಚ್ಚು ಹಿಂಸೆ ಕೊಡುವುದು ನಡುವೆ ಇನ್ನೊಂದು ವಿಮಾನಕ್ಕೆ ಕಾಯುವ ಹೊತ್ತು. ಕೆಲವೊಮ್ಮೆ ಅದು ಹಾರಾಟದ ಸಮಯವನ್ನೇ ಮೀರುತ್ತದೆ. ರಸ್ತೆಯಲ್ಲಾದರೆ ಇಡೀ ರಾತ್ರಿ ಬಸ್ಸಿನಲ್ಲೇ ಕಳೆಯಬೇಕು. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಹೊರಟ ರೋಗಿಗಳ ಪಾಡು ಹೇಳತೀರದು. ಅಲ್ಲಿ ಓದುವ ಮಕ್ಕಳು ಹಬ್ಬಕ್ಕೆ ಊರಿಗೆ ಬರಲೂ ಹಿಂದೆಮುಂದೆ ನೋಡುತ್ತಾರೆ.

ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಆಯ್ದ ಮಾರ್ಗಗಳಿಗೆ ಮೂರು ವರ್ಷ ನಷ್ಟ ತುಂಬಿಕೊಡುವ ವ್ಯವಸ್ಥೆ ಇದೆ. ರಾಜಧಾನಿಯನ್ನು ಮುಟ್ಟದ ಇಂಥ ಮಾರ್ಗಗಳಿಗೆ ರಾಜ್ಯ ಸರ್ಕಾರವೂ ಕೈಜೋಡಿಸಲಿ. ಮೊದಲಿಗೆ ವಾರಕ್ಕೆ ಮೂರು ದಿನವಾದರೂ ಕಲಬುರಗಿ–ಮಂಗಳೂರು ನೇರ ವಿಮಾನ ಓಡಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

— ಒಬ್ಬ ಓದುಗ, ಕಲಬುರಗಿ